ಪೆಟ್ಟಿಗೆಯೊಳಗಿನ ದಫ್ತರ

ನಮ್ಮ ಶಾಲೆಯ ಆಫೀಸು ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಅದರೊಳಗೆ ಅಡ್ಮಿಶನ್ ರಿಜಿಸ್ಟರುಗಳು. ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ, ಅಂದರೆ 1956ಕ್ಕಿಂತ ಹಿಂದಿನವೂ ಇವೆ. ಊರಿನ ಹಿರಿಯರೊಬ್ಬರಿಗೆ ಹುಟ್ಟಿದ ದಿನಾಂಕಕ್ಕೆ ದಾಖಲೆ ಬೇಕಾದರೆ, ತಾನು ಕನ್ನಡ ಮಾಧ್ಯಮದಲ್ಲೇ ಕಲಿತವನೆಂದು ತೋರಿಸಬೇಕಾದರೆ, ಈ ಕಪಾಟೇ ಗತಿ. ಆಟಿಯ ಮಳೆಯ ತೇವಕ್ಕೂ ಒರಲೆಗೂ ಈ ಕಾಗದಗಳೆಂದರೆ ಬಲು ಪ್ರೀತಿ. ಆದ್ದರಿಂದ ಕೆಲವು ವರ್ಷಗಳ ಹಿಂದೆ ಒಂದು ಬೇಸಗೆ ರಜೆಯಲ್ಲಿ ನಾವು ಕೆಲವು ಅಧ್ಯಾಪಕರು ಸೇರಿ ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಲು ಹೊರಟೆವು. ಸೇರಿಸಿದೆವು, ಕಳೆದುಕೊಂಡೆವು. ಕಳೆದದ್ದು ಹೇಗೆಂದು ಹುಡುಕುತ್ತ ಹೋದಾಗ ಸಿಕ್ಕಿದ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಇಡುವುದಕ್ಕೆ ಬರಿಯ ಫೋಲ್ಡರ್ ಸಾಲದೇ ಎಂದು ಕೇಳುವವರಿದ್ದಾರೆ. ಯಾರು ಇಟ್ಟರು, ಯಾವಾಗ ತಿದ್ದಿದರು, ತಿದ್ದುವ ಮೊದಲು ಹೇಗಿತ್ತು, ಯಾರಿಗೆ ನೋಡುವ ಹಕ್ಕಿದೆ, ಇವೆಲ್ಲ ಲೆಕ್ಕದಲ್ಲಿರಬೇಕಾದರೆ ಸಾಲದು. ಆ ಕೆಲಸದ ತಂತ್ರಾಂಶಕ್ಕೆ 'ಎಂಟರ್‌ಪ್ರೈಸ್ ಕಂಟೆಂಟ್ ಮ್ಯಾನೇಜ್‌ಮೆಂಟ್' ಎಂಬ ಉದ್ದನೆಯ ಹೆಸರು. ಅಮೆರಿಕದಲ್ಲಿ 1982ರಲ್ಲಿ ಫೈಲ್‌ನೆಟ್, 1990ರಲ್ಲಿ ಡಾಕ್ಯುಮೆಂಟಮ್ ಎಂಬ ಕಂಪನಿಗಳು ಈ ದಾರಿಯಲ್ಲಿ ಹುಟ್ಟಿದವು. ಅವೆಲ್ಲ ದೊಡ್ಡ ಕಂಪನಿಗಳಿಗೆ, ದೊಡ್ಡ ಬೆಲೆಗೆ. ಡಾಕ್ಯುಮೆಂಟಮ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಜಾನ್ ನ್ಯೂಟನ್ ಅವರೇ 2005ರಲ್ಲಿ ಜಾನ್ ಪವೆಲ್ ಜತೆ ಸೇರಿ ಅಲ್‌ಫ್ರೆಸ್ಕೊ ಆರಂಭಿಸಿ, ಅದನ್ನು ಮುಕ್ತ ತಂತ್ರಾಂಶವಾಗಿ ಹೊರಬಿಟ್ಟರು. ನಮ್ಮಂಥ ಬಡ ಶಾಲೆಯವರು ಇಂಥದ್ದನ್ನು ಮುಟ್ಟಿ ನೋಡುವ ಹಾಗಾದದ್ದು ಆ ಮೇಲೆಯೇ.

ಮುಟ್ಟಬಹುದು ನಿಜ, ನಿಲ್ಲಿಸುವುದು ಕಷ್ಟ. ಅಲ್‌ಫ್ರೆಸ್ಕೊ ಓಡಬೇಕಾದರೆ ಜಾವಾ ಬೇಕು, ಟಾಮ್‌ಕ್ಯಾಟ್ ಬೇಕು, ಒಂದು ಡೇಟಾಬೇಸ್ ಬೇಕು, ಹುಡುಕಲು ಸೋಲರ್ ಬೇಕು, ವರ್ಡ್ ಕಡತವನ್ನು ಪಿಡಿಎಫ್ ಮಾಡಲು ಆಫೀಸ್ ತಂತ್ರಾಂಶ ಬೇಕು, ಚಿತ್ರವನ್ನು ಚಿಕ್ಕದು ಮಾಡಲು ಇಮೇಜ್‌ಮ್ಯಾಜಿಕ್ ಬೇಕು. ಒಂದರ ಆವೃತ್ತಿ ಹೆಚ್ಚುಕಡಿಮೆಯಾದರೆ ಇನ್ನೊಂದು ಮುನಿಸಿಕೊಳ್ಳುತ್ತದೆ.

ಈ ತಾಪತ್ರಯಕ್ಕೆ ಮದ್ದು ಬೇರೊಂದು ಕಡೆಯಿಂದ ಬಂತು. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬವರ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂಆರ್ಕ್‌ನಿಂದ ಹ್ಯೂಸ್ಟನ್ನಿಗೆ ಹೋಯಿತು. (ಅದೇ ವರ್ಷ ನವೆಂಬರಿನಲ್ಲಿ ನಾವು ಕೇರಳಕ್ಕೆ ಬಂದೆವು!) ಒಳಗೆ ಏನಿದ್ದರೂ ಹೊರಗಿನ ಅಳತೆ ಒಂದೇ ಇದ್ದರೆ ಯಾವ ಹಡಗಾದರೂ, ಯಾವ ಲಾರಿಯಾದರೂ ಹೊರಬಲ್ಲದು ಎಂಬುದೇ ಅದರ ಗುಟ್ಟು. ಮಂಗಳೂರು ಬಂದರಿನ ಕಡೆ ಹೋಗುವ ಕಂಟೇನರ್ ಲಾರಿಗಳನ್ನು ಹೆದ್ದಾರಿಯಲ್ಲಿ ನೋಡಿದ ನಮ್ಮ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಂಪ್ಯೂಟರಿನಲ್ಲಿ ಇಂಥ ಪೆಟ್ಟಿಗೆಯ ಬೀಜ ಹಳೆಯದು. 1979ರಲ್ಲೇ ಯುನಿಕ್ಸ್‌ನಲ್ಲಿ ಒಂದು ಪ್ರೋಗ್ರಾಮಿಗೆ ಒಂದೇ ಕೋಣೆಯನ್ನು ಇಡೀ ಮನೆಯೆಂದು ನಂಬಿಸುವ 'ಸಿಎಚ್‌ರೂಟ್' ಇತ್ತು. 2000ದಲ್ಲಿ ಫ್ರೀಬಿಎಸ್‌ಡಿಯ 'ಜೈಲ್' ಬಂತು. ಯಾವ ಪೆಟ್ಟಿಗೆಗೆ ಎಷ್ಟು ಮೆಮೊರಿ ಎಂದು ಅಳೆದು ಕೊಡುವ ವ್ಯವಸ್ಥೆ 2008ರಲ್ಲಿ ಲಿನಕ್ಸ್‌ಗೆ ಸೇರಿತು. ಇವನ್ನೆಲ್ಲ ಸಾಮಾನ್ಯರ ಕೈಗೆ ಸಿಗುವಂತೆ ಕಟ್ಟಿದ ಡಾಕರ್ ಅನ್ನು ಸಾಲೊಮನ್ ಹೈಕ್ಸ್ 2013ರ ಮಾರ್ಚಿನಲ್ಲಿ ಒಂದು ಸಮ್ಮೇಳನದಲ್ಲಿ ಕೆಲವೇ ನಿಮಿಷಗಳ ಮಾತಿನಲ್ಲಿ ತೋರಿಸಿದರು. ಮರುವರ್ಷ ಗೂಗಲ್‌ನಿಂದ ಕುಬರ್ನೆಟೀಸ್ ಬಂತು.

ಆದರೆ ಈ ಪೆಟ್ಟಿಗೆಗಳ ಲೋಕದ ಸ್ವಭಾವ ಬೇರೆ. ಕೆಟ್ಟರೆ ರಿಪೇರಿ ಇಲ್ಲ, ಎಸೆದು ಅದೇ ಅಚ್ಚಿನಿಂದ ಹೊಸತು ಎಬ್ಬಿಸುವುದು. ಸರ್ವರ್ ಎಂದರೆ ಹೆಸರಿಟ್ಟು ಸಾಕುವ ಪ್ರಾಣಿಯಲ್ಲ, ಮಂದೆಯ ದನದ ಹಾಗೆ ಎಂದು ಆ ಕಡೆಯವರು ಹೇಳುತ್ತಾರೆ. (ನಮ್ಮೂರ ಕೊಟ್ಟಿಗೆಯಲ್ಲಿ ದನಕ್ಕೂ ಹೆಸರಿರುತ್ತದೆ, ಆ ಮಾತು ಬೇರೆ.) ಕಾಗದ ಕಾಯುವ ತಂತ್ರಾಂಶಕ್ಕೆ ಈ ಸ್ವಭಾವ ಹೇಗೆ ಒಗ್ಗೀತು? ಡಾಕರ್‌ನಲ್ಲಿ ಪೆಟ್ಟಿಗೆಯ ಹೊರಗೆ ಮಾಹಿತಿ ಇಡುವ 'ವಾಲ್ಯೂಮ್'ಗೆ ತನ್ನದೇ ಆದ ಆಜ್ಞೆ ಬಂದದ್ದು 2015ರಲ್ಲಿ. ಕುಬರ್ನೆಟೀಸ್‌ನಲ್ಲಿ ನೆನಪು ಉಳಿಸಿಕೊಳ್ಳುವ ಪೆಟ್ಟಿಗೆಗಳಿಗೆ 2016ರಲ್ಲಿ ಮಾಡಿದ ಏರ್ಪಾಡಿಗೆ ಮೊದಲು ಇಟ್ಟ ಹೆಸರು 'ಪೆಟ್‌ಸೆಟ್'. ಸಾಕುಪ್ರಾಣಿ ಹಿಂಬಾಗಿಲಿನಿಂದ ಮರಳಿ ಬಂತು! ಅದೇ ವರ್ಷ ಹೆಸರು ಬದಲಿಸಿ 'ಸ್ಟೇಟ್‌ಫುಲ್‌ಸೆಟ್' ಮಾಡಿದರು.

2018ರಲ್ಲಿ ಅಲ್‌ಫ್ರೆಸ್ಕೊ ತನ್ನ 6.0 ಆವೃತ್ತಿಯಲ್ಲಿ ಹಳೆಯ ಇನ್‌ಸ್ಟಾಲರ್ ಕೈಬಿಟ್ಟು ಡಾಕರ್ ಅಚ್ಚುಗಳ ದಾರಿ ಹಿಡಿಯಿತು. ನಮ್ಮ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೂ ಲಿನಕ್ಸ್ ಬಳಕೆ ಇದ್ದುದರಿಂದ ಹೆದರಿಕೆ ಆಗಲಿಲ್ಲ. ಶಾಲೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತು. ಒಬ್ಬ ಅಧ್ಯಾಪಕರ ಮಗನ 16 ಜಿಬಿಯ ಕಂಪ್ಯೂಟರ್ ಕೇಳಿ ತಂದೆವು. ಒಂದೇ ಆಜ್ಞೆ, ಅರ್ಧ ಗಂಟೆ, ಎಲ್ಲ ಎದ್ದು ನಿಂತವು. ಎಷ್ಟು ಸಲೀಸು ಎಂದು ಬೀಗಿದೆವು.

ಮೂರು ವಾರ ಸ್ಕ್ಯಾನ್ ಮಾಡಿದೆವು. ಒಂದು ಸಂಜೆ ನಮ್ಮಲ್ಲೊಬ್ಬರು ಮನೆಗೆ ಹೊರಡುವಾಗ 'ಸ್ಟಾಪ್' ಎನ್ನುವ ಬದಲು 'ಡೌನ್' ಎಂದು ಬರೆದರು. ಸ್ಟಾಪ್ ಎಂದರೆ ಪೆಟ್ಟಿಗೆ ಮಲಗುತ್ತದೆ, ಡೌನ್ ಎಂದರೆ ಪೆಟ್ಟಿಗೆಯನ್ನೇ ತೆಗೆದುಹಾಕುತ್ತದೆ. ನಾವು ಬಳಸಿದ್ದು ಪರೀಕ್ಷೆಗೆಂದೇ ಕೊಟ್ಟ ಮಾದರಿ. ಅದರಲ್ಲಿ ಹೊರಗಿನ ವಾಲ್ಯೂಮ್ ಹೇಳಿರಲಿಲ್ಲ, ನಾವೂ ಸೇರಿಸಿರಲಿಲ್ಲ. ಮರುದಿನ ಎಲ್ಲ ಚೆನ್ನಾಗಿಯೇ ಎದ್ದಿತು, ಖಾಲಿಯಾಗಿ. ಸ್ಕ್ಯಾನರಿನಿಂದ ಬಂದ ಮೂಲ ಕಡತಗಳನ್ನೂ ಜಾಗ ಸಾಲದೆಂದು ಅಳಿಸುತ್ತ ಬಂದಿದ್ದೆವು.

ಆಮೇಲೆ ಒಳಗಿನ ರಚನೆ ಕಲಿತೆವು. ಅಲ್‌ಫ್ರೆಸ್ಕೊ ಕಡತವನ್ನು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಂಬ ಫೋಲ್ಡರುಗಳೊಳಗೆ ಅರ್ಥವಿಲ್ಲದ ಉದ್ದ ಹೆಸರಿನಲ್ಲಿ ಇಡುತ್ತದೆ. ಅದು ಯಾರ ಪುಟ, ಯಾವ ರಿಜಿಸ್ಟರ್ ಎಂಬುದು ಇರುವುದು ಡೇಟಾಬೇಸಿನಲ್ಲಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಹೆಸರಿಲ್ಲದ ಹಾಳೆಗಳ ರಾಶಿ, ಇಲ್ಲವೇ ಹಾಳೆಗಳಿಲ್ಲದ ಪರಿವಿಡಿ. ಹಾಗಾಗಿ ಎರಡನ್ನೂ ಪೆಟ್ಟಿಗೆಯ ಹೊರಗೆ ಇಡಬೇಕು. ಓಡುತ್ತಿರುವಾಗಲೇ ನಕಲು ತೆಗೆಯುವುದಾದರೆ ಮೊದಲು ಡೇಟಾಬೇಸ್, ಆಮೇಲೆ ಕಡತಗಳು. ನಡುವೆ ಹೊಸ ಕಡತ ಬಂದರೆ ನಕಲಿನಲ್ಲಿ ಒಂದು ಹೆಚ್ಚಾದೀತು, ಹಾನಿಯಿಲ್ಲ. ತಿರುಗುಮುರುಗಾದರೆ ಡೇಟಾಬೇಸ್ ಹೇಳುವ ಕಡತವೇ ಇಲ್ಲದೆ ಹೋದೀತು. ಸೋಲರ್‌ನ ಸೂಚಿ ಹೋದರೂ ಮತ್ತೆ ಕಟ್ಟಿಕೊಳ್ಳಬಹುದು, ಸಮಯ ಹಿಡಿಯುತ್ತದೆ ಅಷ್ಟೆ.

ಓಣಂ ರಜೆಯಲ್ಲಿ ಮತ್ತೆ ಕೂತೆವು. ಈ ಸಲ ವಾಲ್ಯೂಮ್ ಹೊರಗಿತ್ತು, ನಕಲಿಗೆ ಬೇರೆ ಹಾರ್ಡ್ ಡಿಸ್ಕ್ ಇತ್ತು. ಕೆಲಸ ಮುಗಿಯಿತು, ಇವತ್ತಿಗೂ ಓಡುತ್ತಿದೆ. ಆದರೆ ನಡುವೆ ಒಂದು ಮಳೆಗಾಲ ಕಳೆದಿತ್ತು. ಕಪಾಟಿನ ಕೆಳಗಿನ ಅಂತಸ್ತಿನಲ್ಲಿದ್ದ ಅತ್ಯಂತ ಹಳೆಯ ರಿಜಿಸ್ಟರಿನ ಕೊನೆಯ ಎರಡು ಹಾಳೆಗಳು, ಬೇಸಗೆಯಲ್ಲಿ ಓದಲು ಬರುತ್ತಿದ್ದವು, ಓಣಂ ಹೊತ್ತಿಗೆ ರಟ್ಟಿಗೆ ಅಂಟಿ ಮುದ್ದೆಯಾಗಿದ್ದವು. ಅವುಗಳಲ್ಲಿದ್ದ ಮಕ್ಕಳ ಹೆಸರುಗಳನ್ನು ಈಗ ಊರಿನ ಹಿರಿಯರ ಮನೆಗಳಿಗೆ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದೇವೆ.