ಕೊಯಮತ್ತೂರು–ತಿರುಪ್ಪೂರು ಯಂತ್ರೋದ್ಯಮದಲ್ಲಿ ಚಿಪ್ ವಿನ್ಯಾಸ

ತಮಿಳುನಾಡಿನ ಕೊಯಮತ್ತೂರು ಜಿಲ್ಲೆ ಮತ್ತು 2009ರಲ್ಲಿ ಹೊಸದಾಗಿ ರಚನೆಯಾದ ತಿರುಪ್ಪೂರು ಜಿಲ್ಲೆಗಳಲ್ಲಿ ನೂಲುವ, ಹೆಣೆಯುವ, ವಾಹನದ ವೇಗ ತೋರಿಸುವ ಯಂತ್ರಗಳೊಳಗೆ ಚಿಪ್ ಬಂದು ಸೇರಿದ ಬಗೆ, ಹಾಗೂ ಮಾರಿದ ಮೇಲೂ ಸುಧಾರಿಸಬಲ್ಲ ಯಂತ್ರ ಎಂಬ ಕಲ್ಪನೆ ಅಲ್ಲಿನ ವ್ಯಾಪಾರವನ್ನು ಬದಲಿಸಿದ ಚರಿತ್ರೆ. ಈ ಸೀಮೆ ಕನ್ನಡಿಗರಿಗೆ ದೂರದ್ದಲ್ಲ. ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ಇಂದಿಗೂ ಅಲ್ಲಿದ್ದಾರೆ.

ಚಿಪ್ಪಿಗೆ ಮುಂಚೆ ಕೊಯಮತ್ತೂರಿನಲ್ಲಿ ಎರಕವಿತ್ತು. 1888ರಲ್ಲಿ ಸ್ಟೇನ್ಸ್ ಗಿರಣಿ ಶುರುವಾಯಿತು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ ಇಳಿದು ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ಎದ್ದವು. ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು 1937ರಲ್ಲಿ ವಿದ್ಯುತ್ ಮೋಟಾರು ತಯಾರಿಸಿದರು. ದೇಶದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಪಿಎಸ್‌ಜಿ ತಾಂತ್ರಿಕ ಕಾಲೇಜು 1951ರಲ್ಲಿ ತೆರೆಯಿತು. ಅದೇ ದಶಕದಲ್ಲಿ ಜವಳಿ ಸಂಶೋಧನಾ ಸಂಸ್ಥೆ ‘ಸಿಟ್ರಾ’ ಹುಟ್ಟಿತು. 1962ರಲ್ಲಿ ಸ್ವಿಟ್ಜರ್ಲೆಂಡಿನ ರೀಟರ್ ಕಂಪನಿಯ ತಾಂತ್ರಿಕ ಸಹಯೋಗದೊಡನೆ, ನೂಲುವ ಯಂತ್ರ ಕಟ್ಟುವ ಲಕ್ಷ್ಮಿ ಮಷೀನ್ ವರ್ಕ್ಸ್ ಸ್ಥಾಪನೆಯಾಯಿತು.

ಯಂತ್ರವನ್ನು ಸುಧಾರಿಸಿಕೊಳ್ಳುವುದು ಈ ಊರಿಗೆ ಹೊಸತಾಗಿರಲಿಲ್ಲ. ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರದಲ್ಲಿ ನೂಲಿನ ಕೌಂಟ್ (ಎಳೆಯ ದಪ್ಪದ ಅಳತೆ) ಬದಲಾಗಬೇಕಾದರೆ ಹಲ್ಲುಚಕ್ರ ಬದಲಾಗಬೇಕಿತ್ತು. ಎಷ್ಟು ಹಲ್ಲಿನ ಚಕ್ರಕ್ಕೆ ಎಷ್ಟು ಎಳೆತ, ಎಷ್ಟು ಹುರಿ ಎಂಬ ಲೆಕ್ಕ ಫಿಟ್ಟರುಗಳಿಗೆ ಬಾಯಿಪಾಠ. ಚಕ್ರ ಸವೆದರೆ ಹತ್ತಿರದ ವರ್ಕ್‌ಶಾಪಿನಲ್ಲಿ ಹೊಸದನ್ನು ಕಡಿಸಿ ತರಬಹುದಿತ್ತು. ಹೊಸ ಯಂತ್ರಗಳಲ್ಲಿ ಎಳೆತದ ಉರುಳೆಗಳಿಗೂ ಕದಿರುಗಳಿಗೂ ಬೇರೆ ಬೇರೆ ಮೋಟಾರು ಬಂದ ಮೇಲೆ ಅದೇ ಕೆಲಸವನ್ನು ಪ್ಯಾನೆಲ್ಲಿನ ಮೇಲೆ ಒತ್ತಿದ ಒಂದು ಅಂಕಿ ಮಾಡುತ್ತದೆ. ಅನುಕೂಲ ದೊಡ್ಡದು: ಯಂತ್ರ ನಿಲ್ಲುವ ಹೊತ್ತು ಕಡಿಮೆ, ತಪ್ಪು ಕಡಿಮೆ. ಆದರೆ ಚಕ್ರವನ್ನು ಅಳೆದು ಇನ್ನೊಂದು ಮಾಡಿಕೊಳ್ಳಬಹುದು. ಚಿಪ್ಪಿನೊಳಗೆ ಬೀಗ ಹಾಕಿಟ್ಟ ಪ್ರೋಗ್ರಾಮನ್ನು ಹಾಗೆ ಮಾಡಿಕೊಳ್ಳಲಾಗದು. ಈ ಚರಿತ್ರೆಯ ನಿಜವಾದ ತಿರುವು ಇಲ್ಲಿದೆ. ಯಂತ್ರದ ಗುಣ ಬದಲಿಸುವ ಜಾಗ ಲೋಹದಿಂದ ಮೆಮರಿಗೆ ಸರಿಯಿತು. ಅದರ ಜೊತೆಗೆ ಬದಲಿಸುವ ಹಕ್ಕೂ ಸರಿಯಿತು.

ಹೊರಜಗತ್ತಿನಲ್ಲಿ ಈ ಬದಲಾವಣೆ ಹಂತಹಂತವಾಗಿ ನಡೆದಿತ್ತು. ಇಂಟೆಲ್ ಕಂಪನಿಯ 4004 ಮೈಕ್ರೋಪ್ರೊಸೆಸರ್ 1971ರದು. ಯಂತ್ರ ನಿಯಂತ್ರಣಕ್ಕೆ ಮನೆಮಾತಾದ 8051 ಚಿಪ್ 1980ರದು. ಆ ಕಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ಬೇಕಾದವರು ಪ್ರೋಗ್ರಾಮನ್ನು ಕಾರ್ಖಾನೆಯಲ್ಲೇ ಚಿಪ್ಪಿಗೆ ಅಚ್ಚು ಹಾಕಿಸುತ್ತಿದ್ದರು. ಒಂದು ತಪ್ಪು ಉಳಿದರೆ ಇಡೀ ಸರಕು ವ್ಯರ್ಥ. ಗಾಜಿನ ಕಿಟಕಿಯ ಇನ್ನೊಂದು ಬಗೆಯ ಚಿಪ್ಪನ್ನು ಅತಿನೇರಳೆ ಬೆಳಕಿನಡಿ ಇಟ್ಟು ಅಳಿಸಿ ಮತ್ತೆ ಬರೆಯಬಹುದಿತ್ತು, ಆದರೆ ಅದಕ್ಕೆ ಬೋರ್ಡಿನಿಂದ ಕೀಳಬೇಕು. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೋಕಾ 1984ರಲ್ಲಿ ಪ್ರಕಟಿಸಿದ ಫ್ಲಾಶ್ ಮೆಮರಿ ಮುಂದೆ 8051 ವರ್ಗದ ಚಿಪ್ಪುಗಳಿಗೂ ಬಂತು. ಯಂತ್ರ ಇದ್ದಲ್ಲೇ ಪ್ರೋಗ್ರಾಮ್ ಬದಲಿಸಲು ದಾರಿಯಾಯಿತು. 1985ರಲ್ಲಿ ಝೈಲಿಂಕ್ಸ್ ಕಂಪನಿ ಮಾರುಕಟ್ಟೆಗೆ ತಂದ ಎಫ್‌ಪಿಜಿಎ ಎಂಬ ಚಿಪ್ಪಿನಲ್ಲಿ ಪ್ರೋಗ್ರಾಮಷ್ಟೇ ಅಲ್ಲ, ಒಳಗಿನ ಸರ್ಕ್ಯೂಟಿನ ಜೋಡಣೆಯನ್ನೇ ಹೊಸದಾಗಿ ಬರೆಯಬಹುದಾಗಿತ್ತು. ಅದೇ ಕಂಪನಿ 2011ರಲ್ಲಿ ಜಿಂಕ್ ಸರಣಿಯಲ್ಲಿ ಎಆರ್‌ಎಂ ಪ್ರೊಸೆಸರನ್ನೂ ಇಂಥ ಸರ್ಕ್ಯೂಟನ್ನೂ ಒಂದೇ ಚಿಪ್ಪಿನಲ್ಲಿ ಕೂಡಿಸಿತು.

ಯಾವ ಕೆಲಸವನ್ನು ಸಿಲಿಕಾನಿಗೆ ಕೊಡಬೇಕು, ಯಾವುದನ್ನು ಸಾಫ್ಟ್‌ವೇರಿಗೆ ಬಿಡಬೇಕು ಎಂದು ಮೊದಲೇ ನಿರ್ಧರಿಸುವುದೇ ವ್ಯವಸ್ಥಾ ಮಟ್ಟದ ಚಿಪ್ ವಿನ್ಯಾಸ. ಇದು ಎಂಜಿನಿಯರಿನ ನಿರ್ಧಾರದಂತೆ ಕಂಡರೂ ಮೂಲದಲ್ಲಿ ಮಾಲೀಕನ ನಿರ್ಧಾರ. ಸ್ವಂತ ಚಿಪ್ ಮಾಡಿಸುವ ವಿನ್ಯಾಸ ಮತ್ತು ಅಚ್ಚಿನ ಖರ್ಚು 5 ಕೋಟಿ ರೂಪಾಯಿ ಎಂದೇ ಇಟ್ಟುಕೊಳ್ಳೋಣ. 10 ಲಕ್ಷ ಉಪಕರಣಗಳಿಗೆ ಹಂಚಿದರೆ ತಲಾ 50 ರೂಪಾಯಿ, ಯಾರಿಗೂ ಹೊರೆಯಲ್ಲ. 2,000 ಯಂತ್ರಗಳಿಗೆ ಹಂಚಿದರೆ ತಲಾ 25,000. ಹೀಗಾಗಿ ಕಡಿಮೆ ಸಂಖ್ಯೆಯಲ್ಲಿ, ಹೆಚ್ಚು ಬೆಲೆಗೆ ಮಾರಾಟವಾಗುವ ಯಂತ್ರ ಕಟ್ಟುವವರಿಗೆ ಸ್ವಂತ ಚಿಪ್ ಸಹಜವಾದ ದಾರಿಯಲ್ಲ. ತಿದ್ದಿ ಬರೆಯಬಹುದಾದ ಸಿದ್ಧ ಚಿಪ್ಪೇ ಅವರಿಗೆ ಹೊಂದುತ್ತದೆ: ಬಿಡಿಯಾಗಿ ದುಬಾರಿ, ಆದರೆ ಒಂದೇ ಬೋರ್ಡನ್ನು ಹಲವು ಮಾದರಿಗಳಿಗೆ ಬಳಸಬಹುದು, ಗೋದಾಮಿನಲ್ಲಿ ಬಗೆಬಗೆಯ ಬೋರ್ಡು ತುಂಬಬೇಕಿಲ್ಲ.

ದೊಡ್ಡ ಸಂಖ್ಯೆಯ ಲೆಕ್ಕಾಚಾರ ಕೊಯಮತ್ತೂರಿನಲ್ಲಿ ಕಾಣುವುದು ವಾಹನದ ಮೀಟರುಗಳಲ್ಲಿ. 1970ರ ದಶಕದಲ್ಲಿ ಶುರುವಾದ ಪ್ರಿಕಾಲ್ ಕಂಪನಿಯ ಸರಕು ಕೇಬಲ್ ತಿರುಗಿಸುವ ಮುಳ್ಳಿನ ಮೀಟರಿನಿಂದ ಬಣ್ಣದ ಪರದೆಯವರೆಗೆ ಬಂದಿದೆ. ಇಲ್ಲಿ ಸುಧಾರಣೆಗೆ ಒತ್ತಡ ಬಂದದ್ದು ಗ್ರಾಹಕರಿಂದ ಮಾತ್ರವಲ್ಲ, ಕಾನೂನಿನಿಂದಲೂ. 2020ರ ಏಪ್ರಿಲ್ 1ರಿಂದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಯಾದಾಗ ಎಂಜಿನ್ನಿನ ದೋಷವನ್ನು ಮೀಟರಿನಲ್ಲಿ ತೋರಿಸುವ ಕೆಲಸಕ್ಕೆ ಮಹತ್ವ ಹೆಚ್ಚಿತು. ಮೆಮರಿಯಲ್ಲಿ ಮುಂಚೆಯೇ ಖಾಲಿ ಜಾಗ ಬಿಟ್ಟಿರುವ ವಿನ್ಯಾಸ ಇಂಥ ಬದಲಾವಣೆಯನ್ನು ಪ್ರೋಗ್ರಾಮಿನಲ್ಲೇ ತಾಳಿಕೊಳ್ಳುತ್ತದೆ. ಪೈಸೆ ಉಳಿಸಲು ಕಡಿಮೆ ಮೆಮರಿ ಹಾಕಿದ ವಿನ್ಯಾಸವನ್ನು ಮೊದಲಿನಿಂದ ಮಾಡಬೇಕು.

ತಿರುಪ್ಪೂರಿನದು ಕೊಳ್ಳುವವರ ಕಥೆ. ಹೆಣೆದ ಉಡುಪಿನ ರಫ್ತಿನಿಂದ ಬೆಳೆದ ಈ ಊರಿನ ರಫ್ತುದಾರರ ಸಂಘ 1990ರಲ್ಲಿ ಸ್ಥಾಪನೆಯಾಯಿತು. ಹೆಣಿಗೆ ಯಂತ್ರಗಳು ಬಹಳಷ್ಟು ಜರ್ಮನಿ, ತೈವಾನ್, ಜಪಾನ್‌ಗಳಿಂದ ಬಂದವು. ಸೂಜಿಸೂಜಿಯನ್ನೂ ಎಲೆಕ್ಟ್ರಾನಿಕ್ ಆಗಿ ಆರಿಸುವ ಯಂತ್ರದಲ್ಲಿ ಸೀಸನ್ನಿಗೊಂದು ವಿನ್ಯಾಸ ಎಂದರೆ ಸೀಸನ್ನಿಗೊಂದು ಹೊಸ ಫೈಲು, ಅಷ್ಟೇ.

ಇಂಥ ಉದ್ಯಮಕ್ಕೆ ಒಳ್ಳೆಯ ಪಾಠ ಸಿಗುವುದು ಕಂಪ್ಯೂಟರ್ ಕಸೂತಿ ಯಂತ್ರದ ಫ್ಲಾಪಿಯಿಂದ. ಹಳೆಯ ಕಸೂತಿ ಯಂತ್ರಗಳು ವಿನ್ಯಾಸವನ್ನು ಫ್ಲಾಪಿಯಿಂದ ಓದುತ್ತಿದ್ದವು. ಸೋನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಆದರೂ ಯಂತ್ರಗಳು ಗುಜರಿಗೆ ಹೋಗಲಿಲ್ಲ. ಫ್ಲಾಪಿ ಡ್ರೈವಿನ 34 ಪಿನ್ನಿನ ಜೋಡಣೆ ಎಲ್ಲರಿಗೂ ಗೊತ್ತಿದ್ದ ಮಾನಕವಾಗಿದ್ದರಿಂದ, ಅದೇ ಸಂಕೇತಗಳಲ್ಲಿ ಉತ್ತರಿಸುವ ಯುಎಸ್‌ಬಿ ಪೆಟ್ಟಿಗೆಗಳು ಬಂದವು. ಹಳೆ ಡ್ರೈವು ತೆಗೆದು ಅಲ್ಲೇ ಕೂರಿಸಿದರೆ ಸಾಕು, ಯಂತ್ರಕ್ಕೆ ವ್ಯತ್ಯಾಸವೇ ತಿಳಿಯದು. ಮೂಲ ತಯಾರಕ ಒಂದು ಸಾಲು ಪ್ರೋಗ್ರಾಮನ್ನೂ ಬದಲಿಸಬೇಕಾಗಲಿಲ್ಲ. ಒಳಗಿನ ಚಿಪ್ ಎಷ್ಟು ಜಾಣ ಎಂಬುದಕ್ಕಿಂತ ಅದರ ಅಂಚುಗಳು ಎಷ್ಟು ತೆರೆದಿವೆ ಎಂಬುದು ಯಂತ್ರದ ಆಯಸ್ಸನ್ನು ಹೆಚ್ಚು ನಿರ್ಧರಿಸುತ್ತದೆ.

ಮುಚ್ಚಿದ ವಿನ್ಯಾಸಕ್ಕೂ ಕಾರಣಗಳಿವೆ. ತಯಾರಕ ಪ್ರೋಗ್ರಾಮಿಗೆ ಡಿಜಿಟಲ್ ಸಹಿ ಕಡ್ಡಾಯ ಮಾಡಿದರೆ ನಕಲು ತಪ್ಪುತ್ತದೆ, ಅಪಾಯಕಾರಿ ತಿದ್ದುಪಡಿ ತಪ್ಪುತ್ತದೆ, ಹೊಸ ಸೌಲಭ್ಯವನ್ನು ಮುಂದೆ ಬೆಲೆ ಕಟ್ಟಿ ಮಾರಬಹುದು. ಗಿರಣಿಯವನಿಗೆ ಇದರಿಂದ ಆಗುವ ನಷ್ಟವೂ ನಿಜವೇ: ತಾನು ಕೊಂಡ ಯಂತ್ರದ ದುರಸ್ತಿಗೆ ಒಬ್ಬನೇ ವೈದ್ಯ.

ತಯಾರಕನ ಮೇಲೂ ಒಬ್ಬ ತಯಾರಕನಿದ್ದಾನೆ. 2021ರ ಜಾಗತಿಕ ಚಿಪ್ ಕೊರತೆ ವಾಹನ ಕಾರ್ಖಾನೆಗಳನ್ನು ನಿಲ್ಲಿಸಿದಾಗ ಅದು ಎಲ್ಲರಿಗೂ ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದೊಳಗಿನ ಚಿಪ್ ವಿನ್ಯಾಸಕ್ಕೆ ಪ್ರೋತ್ಸಾಹಧನವೂ ಅದರಲ್ಲಿ ಸೇರಿತ್ತು. ಲೈಸೆನ್ಸ್ ಶುಲ್ಕವಿಲ್ಲದ ರಿಸ್ಕ್-ಫೈವ್ ಎಂಬ ಆದೇಶ ಸಂಹಿತೆಯ (ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಆದೇಶಗಳ ಪಟ್ಟಿ) ಮೇಲೆ ಐಐಟಿ ಮದ್ರಾಸಿನಲ್ಲಿ ‘ಶಕ್ತಿ’ ಪ್ರೊಸೆಸರುಗಳು ರೂಪುಗೊಂಡಿವೆ. ಅಂಥ ಸಂಹಿತೆಗೆ ಬರೆದ ಪ್ರೋಗ್ರಾಮನ್ನು ಒಬ್ಬ ಚಿಪ್ ಮಾರಾಟಗಾರನಿಂದ ಇನ್ನೊಬ್ಬನ ಚಿಪ್ಪಿಗೆ ಒಯ್ಯುವುದು ಹೆಚ್ಚು ಸುಲಭ. ಆ ದಾರಿಯಿಲ್ಲದ ಹಳೆಯ ಬೋರ್ಡುಗಳ ವಿಷಯದಲ್ಲಿ, ಚಿಪ್ ಕಂಪನಿ ‘ಇದು ಕೊನೆಯ ಆರ್ಡರ್’ ಎಂದು ನೋಟಿಸು ಕಳಿಸಿದ ದಿನ ಯಂತ್ರ ತಯಾರಕ ಮುಂದಿನ ಹದಿನೈದು ವರ್ಷಕ್ಕೆ ಎಷ್ಟು ಬೋರ್ಡು ಕೆಡಬಹುದೆಂದು ಅಂದಾಜು ಮಾಡಿ, ಅಷ್ಟು ಚಿಪ್ಪಿನ ಹಣವನ್ನು ಒಮ್ಮೆಗೇ ಗೋದಾಮಿನಲ್ಲಿ ಇಡಬೇಕಾಗುತ್ತದೆ.