ಮತ ಮೊದಲು, ನಕಾಶೆ ಆಮೇಲೆ

ಸಂಕೇಶ್ವರ ದಾಟಿ ಬೆಳಗಾವಿಯ ಕಡೆ ಬರುವಾಗ ಹೆದ್ದಾರಿಯಲ್ಲಿ ಹತ್ತರಗಿಯ ಟೋಲ್ ನಾಕಾ ಸಿಗುತ್ತದೆ. ಕೊಲ್ಹಾಪುರದ ಗಾಡಿ, ಹುಬ್ಬಳ್ಳಿಯ ಲಾರಿ, ಕಬ್ಬು ಹೇರಿದ ಟ್ರ್ಯಾಕ್ಟರು ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇಲ್ಲಿಂದ ಉತ್ತರಕ್ಕೆ ಹೊರಟರೆ ನಿಪ್ಪಾಣಿಯ ಆಚೆ ಕೊಗನೊಳ್ಳಿಯಲ್ಲಿ ರಾಜ್ಯ ಮುಗಿಯುತ್ತದೆ. ಯುರೋಪಿನ ದೇಶಗಳು ಹೇಗೆ ಕೂಡಿದವು, ಇನ್ನೆಷ್ಟು ದೇಶಗಳು ಕೂಡಬಹುದು ಎಂಬ ಚರ್ಚೆಯನ್ನು ಓದುವಾಗಲೆಲ್ಲ ನನಗೆ ಈ ರಸ್ತೆ ನೆನಪಾಗುತ್ತದೆ. ಆ ಚರ್ಚೆಯ ಮುಖ್ಯ ಪ್ರಶ್ನೆಗಳೆಲ್ಲ ಈ ಸೀಮೆ ತಾನೇ ಅನುಭವಿಸಿದಂಥವು.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಹುಕ್ಕೇರಿ, ಗೋಕಾಕ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು. ಆದರೆ ಪಕ್ಕದ ರಾಯಬಾಗ ಕೊಲ್ಹಾಪುರದ ಮಹಾರಾಜರದು. ಬೆಳಗಾವಿಗೆ ಅಂಟಿಕೊಂಡ ಶಹಾಪುರ ಸಾಂಗ್ಲಿಯವರದು. ರಾಮದುರ್ಗ, ಜಮಖಂಡಿ, ಮುಧೋಳಗಳಿಗೆ ತಮ್ಮತಮ್ಮ ರಾಜರು. ಒಂದೇ ಜಾತ್ರೆಗೆ ಹೋಗುವ, ಒಂದೇ ಸಂತೆಯಲ್ಲಿ ದನ ಕೊಳ್ಳುವ ಜನ ಹೀಗೆ ಹಲವು ಕಾಯ್ದೆಗಳ ಕೆಳಗೆ ಹಂಚಿಹೋಗಿದ್ದರು.

ಇವರೆಲ್ಲ ಒಂದೇ ನಾಡಿನವರು ಎಂಬ ಮಾತು ಮೊದಲು ಹುಟ್ಟಿದ್ದು ಸಾಹಿತ್ಯದಲ್ಲಿ. 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದವು. 1920ರ ನಾಗಪುರ ಕಾಂಗ್ರೆಸ್ ಅಧಿವೇಶನ ಭಾಷೆಯ ಆಧಾರದ ಪ್ರಾಂತ ಸಮಿತಿಗಳನ್ನು ಒಪ್ಪಿತು. ಟಿಳಕರ ಅನುಯಾಯಿ, ಹುದಲಿಯ ಗಂಗಾಧರರಾವ್ ದೇಶಪಾಂಡೆ ಕರ್ನಾಟಕ ಕಾಂಗ್ರೆಸ್ಸಿನ ನಾಯಕರಾದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಬೆಳಗಾವಿಯಲ್ಲಿ ಸೇರಿದಾಗ, ಅಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತೂ ನಡೆಯಿತು. ಈ ಕಥೆಯನ್ನು ನಾವು ಪ್ರತಿ ನವೆಂಬರಿನಲ್ಲೂ ಹೇಳುತ್ತೇವೆ.

ನಾವು ಅಷ್ಟಾಗಿ ಹೇಳದ ಕಥೆ ಸಂಸ್ಥಾನಗಳದು. ಅಲ್ಲಿನ ಜನರಿಗೆ ಕನ್ನಡ ನಾಡಿಗಿಂತ ಮೊದಲು ಬೇಕಾಗಿದ್ದದ್ದು ರಾಜನನ್ನು ಪ್ರಶ್ನಿಸುವ ಹಕ್ಕು. ತೆರಿಗೆಯ ಭಾರದ ವಿರುದ್ಧ ರಾಮದುರ್ಗದಲ್ಲಿ ಪ್ರಜಾಸಂಘ ಎದ್ದಿತು. 1939ರ ಏಪ್ರಿಲ್‌ನಲ್ಲಿ ನಾಯಕರ ಬಂಧನವಾದಾಗ ಹಳ್ಳಿಗಳಿಂದ ನುಗ್ಗಿಬಂದ ಜನ ಜೈಲಿಗೇ ಮುತ್ತಿಗೆ ಹಾಕಿದರು, ರಕ್ತ ಹರಿಯಿತು. ಅದೇ ವರ್ಷದ ಜನವರಿಯಲ್ಲಿ ಔಂಧದ ರಾಜರು ಬೇರೆಯೇ ದಾರಿ ಹಿಡಿದಿದ್ದರು. ಗಾಂಧೀಜಿಯ ಸಲಹೆಯಂತೆ ಹಳ್ಳಿ ಪಂಚಾಯತಿಗಳಿಂದ ಮೇಲೇರುವ ಸ್ವರಾಜ್ಯ ಸಂವಿಧಾನವನ್ನು ಪ್ರಜೆಗಳಿಗೆ ಕೊಟ್ಟರು. ಬಿಜಾಪುರದ ಕಡೆಯ ಗುಣದಾಳವೂ ಅವರ ಸಂಸ್ಥಾನಕ್ಕೆ ಸೇರಿತ್ತು. ಎರಡು ಘಟನೆಗಳ ನಡುವೆ ಮೂರೇ ತಿಂಗಳ ಅಂತರ! ಒಂದು ಕಡೆ ರಾಜನೇ ಕೊಟ್ಟ ಅಧಿಕಾರ, ಇನ್ನೊಂದು ಕಡೆ ಅದಕ್ಕಾಗಿ ತೆತ್ತ ಜೀವ.

1947ರಲ್ಲಿ ದಖ್ಖನಿನ ಕೆಲವು ರಾಜರು ತಾವೇ ಸೇರಿ ಒಕ್ಕೂಟ ಕಟ್ಟಲು ಹೊರಟರು. ಅದು ಹೆಚ್ಚು ಕಾಲ ಬಾಳಲಿಲ್ಲ. ಅರಮನೆಗಳು ಕೂಡಿದರೆ ಜನ ಕೂಡಿದಂತಾಗಲಿಲ್ಲ. 1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1949ರ ಮಾರ್ಚ್ 1ರಂದು ಕೊಲ್ಹಾಪುರವೂ ಸೇರಿತು. 1951–52ರಲ್ಲಿ ರಾಯಬಾಗದ ರೈತನೂ ಹುಕ್ಕೇರಿಯ ರೈತನೂ ಮೊದಲ ಬಾರಿ ಒಂದೇ ಬಗೆಯ ಮತ ಹಾಕಿದರು. ಕೇಂದ್ರ ಸರ್ಕಾರ ಕಿವಿಗೊಡಲೇಬೇಕಾದ ಬಲ ಏಕೀಕರಣದ ಕೂಗಿಗೆ ಬಂದದ್ದು ಇದಾದ ಮೇಲೆ ಎಂದು ನಾನು ನಂಬಿದ್ದೇನೆ. 1953ರಲ್ಲಿ ಅದರಗುಂಚಿ ಶಂಕರಗೌಡರ ಉಪವಾಸ, ಹುಬ್ಬಳ್ಳಿಯ ದಂಗೆ, ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣೆಗೆಂದು ಫಜಲ್ ಅಲಿ ಆಯೋಗ. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಹಳೆಯ ಮೈಸೂರಿನಲ್ಲಿ ಇದಕ್ಕೆ ವಿರೋಧ ಕಡಿಮೆಯಿರಲಿಲ್ಲ. ನಮ್ಮ ಕೆರೆ, ಕಾರ್ಖಾನೆ, ವಿದ್ಯುತ್ತಿನ ಗಳಿಕೆ ಉತ್ತರದ ಬಡತನಕ್ಕೆ ಸೋರಿಹೋದೀತು ಎಂಬ ಅಂಜಿಕೆ ಅಲ್ಲಿತ್ತು. 2004ರಲ್ಲಿ ಪೂರ್ವ ಯುರೋಪಿನ ದೇಶಗಳೂ ಸೇರಿ ಹತ್ತು ದೇಶಗಳು ಒಮ್ಮೆಲೇ ಯುರೋಪಿಯನ್ ಒಕ್ಕೂಟದ ಒಳಗೆ ಬಂದಾಗ ಪಶ್ಚಿಮದವರು ಆಡಿದ್ದೂ ಇದೇ ಮಾತು.

ಯುರೋಪಿನ ಕಥೆ ಕಾಲದಲ್ಲೂ ನಮ್ಮದಕ್ಕೆ ಜೊತೆಜೊತೆಯಾಗಿ ಸಾಗುತ್ತದೆ. 1951ರಲ್ಲಿ ಆರು ದೇಶಗಳು ಕಲ್ಲಿದ್ದಲು, ಉಕ್ಕನ್ನು ಒಂದೇ ಆಡಳಿತದ ಕೆಳಗೆ ತರುವ ಒಪ್ಪಂದಕ್ಕೆ ಸಹಿ ಹಾಕಿದವು. ಯುದ್ಧಕ್ಕೆ ಬೇಕಾಗುವ ಸರಕನ್ನೇ ಕೂಡಿ ಅನುಭವಿಸಿದರೆ ಹೊಡೆದಾಟ ಕಷ್ಟವಾದೀತು ಎಂಬುದು ಲೆಕ್ಕ. 1957ರಲ್ಲಿ ರೋಮ್ ಒಪ್ಪಂದವಾಯಿತು. ಗ್ರೀಸ್, ಪೋರ್ಚುಗಲ್, ಸ್ಪೇನ್‌ಗಳಲ್ಲಿ ಸರ್ವಾಧಿಕಾರ ಕೊನೆಗೊಂಡದ್ದು 1974–75ರ ಸುಮಾರಿಗೆ. ಗ್ರೀಸಿಗೆ 1981ರಲ್ಲಿ, ಉಳಿದೆರಡಕ್ಕೆ 1986ರಲ್ಲಿ ಬಾಗಿಲು ತೆರೆಯಿತು. ಅಲ್ಲಿಯೂ ಮತದ ಹಕ್ಕು ಮೊದಲು, ನಕಾಶೆ ಆಮೇಲೆ. ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂದು ಯುರೋಪಿಯನ್ ಒಕ್ಕೂಟ ಹುಟ್ಟಿದ ದಿನ ನಮ್ಮ ರಾಜ್ಯೋತ್ಸವದ ದಿನವೇ: 1993ರ ನವೆಂಬರ್ 1.

ಒಂದು ವ್ಯತ್ಯಾಸವನ್ನು ಮರೆಯಬಾರದು. ನಾರ್ವೆಯ ಜನ 1972ರಲ್ಲಿ, ಮತ್ತೆ 1994ರಲ್ಲಿ ಒಕ್ಕೂಟ ಬೇಡವೆಂದು ಮತ ಹಾಕಿ ಹೊರಗುಳಿದರು. ಬ್ರಿಟನ್ 2016ರ ಜನಮತದ ಬಲದ ಮೇಲೆ 2020ರಲ್ಲಿ ಹೊರನಡೆಯಿತು. ನಮ್ಮ ಗಡಿಯ ಹಳ್ಳಿಗಳನ್ನು ಹಾಗೆ ಯಾರೂ ಕೇಳಲಿಲ್ಲ. ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಕರ್ನಾಟಕ ಅದನ್ನು ಒಪ್ಪಿತು, ಮಹಾರಾಷ್ಟ್ರ ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಯೋಗದ ತೀರ್ಮಾನ ಸರಿಯೆಂದೇ ನನ್ನ ನಿಲುವು. ಆದರೂ 2022ರ ಡಿಸೆಂಬರಿನಲ್ಲಿ ಲಾರಿಗಳಿಗೆ ಕಲ್ಲು ಬಿದ್ದು ಬಸ್ಸುಗಳು ನಿಂತಾಗ ತೊಂದರೆಪಟ್ಟವರು ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೊರಟ ಜನ. ಅವರು ಎರಡೂ ಭಾಷೆ ಆಡುವವರು.

ಈ ಸೀಮೆಯಲ್ಲಿ ಕೂಡಿ ಬಾಳುವ ಅಭ್ಯಾಸ ಗಟ್ಟಿಯಾದದ್ದು ಸಣ್ಣ ಮತಪೆಟ್ಟಿಗೆಗಳಲ್ಲಿ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಲ್ಲಿ ಕರೆಂಟು ಬಳಸುವವರೇ ಸದಸ್ಯರು, ಅವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಅಬ್ದುಲ್ ನಜೀರ್ ಸಾಬರ ಪಂಚಾಯತಿ ಕಾಯ್ದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಶೇ 25ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಬಂತು.

ಇನ್ನು ಮುಂದಿನ ಮಾತು. 2022ರಲ್ಲಿ ಉಕ್ರೇನ್, ಮಾಲ್ಡೋವಾ ಅಭ್ಯರ್ಥಿ ದೇಶಗಳಾದವು; 27 ದೇಶಗಳೂ ಒಪ್ಪದೆ ಅವುಗಳಿಗೆ ಪ್ರವೇಶವಿಲ್ಲ, ದಾರಿ ಉದ್ದವಿದೆ. ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಗಡಹಿಂಗ್ಲಜದ ಗದ್ದೆಗಳಿಗೆ ನೀರುಣಿಸಿ ಸಂಕೇಶ್ವರಕ್ಕೆ ಬಂದು ಘಟಪ್ರಭೆ ಸೇರುತ್ತದೆ. ದೂಧಗಂಗಾ ಅಣೆಕಟ್ಟೆಯನ್ನು ಎರಡೂ ರಾಜ್ಯಗಳು ಕೂಡಿಯೇ ಕಟ್ಟಿವೆ. ನಮ್ಮ ಕಲ್ಲಿದ್ದಲು, ಉಕ್ಕು ಅಂದರೆ ಈ ನೀರು. ಬೇಸಿಗೆಯಲ್ಲಿ ಗೇಟು ಎಂದು ಎತ್ತಬೇಕು, ಮಳೆಗಾಲದಲ್ಲಿ ಎಷ್ಟು ಬಿಡಬೇಕು ಎಂಬುದನ್ನು ಗಡಹಿಂಗ್ಲಜ, ಹುಕ್ಕೇರಿ ಎರಡೂ ಕಡೆಯ ರೈತರು ಆರಿಸಿ ಕಳಿಸಿದ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕುಳಿತು, ಕನ್ನಡದಲ್ಲಿ ಮರಾಠಿಯಲ್ಲಿ ಮಾತಾಡಿ, ತೀರ್ಮಾನಿಸುವಂತಾಗಬೇಕು. ಅದಕ್ಕೆ ಗಡಿಯ ಒಂದು ಕಲ್ಲನ್ನೂ ಸರಿಸಬೇಕಾಗಿಲ್ಲ.