ಹಡಪದಿಂದ ಅಂಗಡಿಗೆ: ಕಲಬುರಗಿ–ಕಮಲಾಪುರ ಸೀಮೆಯ ಕ್ಷೌರಿಕ ವೃತ್ತಿಯ ಚಾರಿತ್ರಿಕ ನೆಲೆ

ಗ್ರಾಮ ಸಮಾಜದ ಆಯಗಾರ ಸಮುದಾಯಗಳಲ್ಲಿ ಕ್ಷೌರಿಕರ ಸ್ಥಾನ ವಿಶಿಷ್ಟವಾದುದು. ಕಮ್ಮಾರನ ಕುಡ, ಬಡಿಗನ ಕೂರಿಗೆ, ಕುಂಬಾರನ ಮಡಕೆ ಇವೆಲ್ಲ ಮಾಡಿದವನ ಕೈಬಿಟ್ಟು ಒಕ್ಕಲಿಗನ ಮನೆ ಸೇರುವ ವಸ್ತುಗಳು. ಕ್ಷೌರಿಕನ ಕಸುಬಿನಲ್ಲಿ ಹಾಗೆ ಕೈದಾಟಿ ಹೋಗುವ ವಸ್ತುವಿಲ್ಲ. ಅವನ ಕೆಲಸ ನಡೆಯುವುದು ಮತ್ತೊಬ್ಬರ ಮೈಮೇಲೆಯೇ. ಊರಿನ ಗೌಡನೂ ಕಣ್ಣು ಮುಚ್ಚಿ ಅವನ ಕತ್ತಿಗೆ ಕೊರಳೊಡ್ಡುತ್ತಾನೆ. ಇಷ್ಟು ವಿಶ್ವಾಸಕ್ಕೆ ಪಾತ್ರನಾದವನು ಮುಂಜಾನೆ ದಾರಿಯಲ್ಲಿ ಎದುರಾದರೆ ಅಪಶಕುನವೆಂದು ಅದೇ ಊರು ನಂಬಿತ್ತು. ವಿಶ್ವಾಸ ಮತ್ತು ಅವಮಾನ ಒಂದೇ ಕೈಗೆ ಏಕಕಾಲದಲ್ಲಿ ಸಂದುದು ಈ ವೃತ್ತಿಯ ಚರಿತ್ರೆಯ ಮುಖ್ಯ ಸಂಗತಿಯಾಗಿದೆ. ಕಲಬುರಗಿ ನಗರ ಹಾಗೂ ಅಲ್ಲಿಂದ ಹುಮನಾಬಾದ್ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಕಮಲಾಪುರ ಇವೆರಡರ ನಡುವಿನ ಸೀಮೆಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳ ಹಿಂದಿನ ಚರಿತ್ರೆ

ಕರ್ನಾಟಕದಲ್ಲಿ ಈ ಸಮುದಾಯಕ್ಕೆ ನಾಯಿಂದ, ನಾವಿ, ಹಡಪದ, ಕೆಲಸಿ, ಭಂಡಾರಿ ಮುಂತಾದ ಹೆಸರುಗಳಿವೆ. ಕಲಬುರಗಿ ಸೀಮೆಯಲ್ಲಿ ಕನ್ನಡ, ತೆಲುಗು, ಮರಾಠಿ ಮತ್ತು ಉರ್ದು ಭಾಷೆಗಳು ಕೂಡುವುದರಿಂದ ಹಡಪದ, ಮಂಗಲಿ, ನ್ಹಾವಿ, ಹಜಾಮ ಎಂಬ ನಾಲ್ಕು ಹೆಸರುಗಳೂ ಕೇಳಿಬರುತ್ತವೆ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಕಲಬುರಗಿಯು ಮುಂದೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಈ ದೀರ್ಘ ಇತಿಹಾಸದ ಗುರುತು ಕಸುಬಿನ ಮಾತಿನಲ್ಲಿಯೂ ಉಳಿದಿದೆ. ಕ್ಷೌರದ ಕತ್ತಿಗೆ ಇಲ್ಲಿ ಬಳಕೆಯಾಗುವ ‘ಉಸ್ತರಾ’ ಉರ್ದುವಿನ ಮೂಲಕ ಬಂದ ಪದ.

‘ಹಜಾಮ’ ಎಂಬ ಪದದ ಕಥೆ ಗಮನಾರ್ಹವಾದುದು. ಅರಬ್ಬೀ ಭಾಷೆಯಲ್ಲಿ ‘ಹಜ್ಜಾಮ್’ ಎಂದರೆ ಕೊಂಬು ಅಥವಾ ಬಟ್ಟಲನ್ನಿಟ್ಟು ಕೆಟ್ಟ ರಕ್ತ ತೆಗೆಯುವವನು, ಅಂದರೆ ಚಿಕಿತ್ಸಕ. ಹುಣ್ಣು ಕೊಯ್ಯುವುದು, ಗಾಯಕ್ಕೆ ಮದ್ದು ಕಟ್ಟುವುದು, ಉಗುರುಸುತ್ತು ಬಿಡಿಸುವುದು ಹಿಂದೆ ಭಾರತದ ಹಲವೆಡೆ ಕ್ಷೌರಿಕರ ಕೆಲಸವಾಗಿತ್ತು; ಅವರ ಮನೆಯ ಹೆಂಗಸರು ಸೂಲಗಿತ್ತಿಯರಾಗಿದ್ದ ನಿದರ್ಶನಗಳೂ ಬಹಳ. ಇದು ನಮ್ಮ ನಾಡಿಗೆ ಸೀಮಿತವಾದ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘದ ಸದಸ್ಯರಾಗಿದ್ದರು. ಅಲ್ಲಿ ಶಸ್ತ್ರವೈದ್ಯರು ಬೇರೆಯಾಗಿ ಗೌರವದ ವೃತ್ತಿಯವರೆನಿಸಿದರು. ಇಲ್ಲಿ ಆಧುನಿಕ ಆಸ್ಪತ್ರೆಗಳು ಬಂದ ಮೇಲೆ ಕ್ಷೌರಿಕನ ವೈದ್ಯ ಹಿನ್ನೆಲೆ ಮರೆತುಹೋಯಿತು; ವೈದ್ಯವನ್ನು ಸೂಚಿಸುತ್ತಿದ್ದ ಪದ ಮಾತ್ರ ಬೈಗುಳವಾಗಿ ಉಳಿಯಿತು. ಸಮುದಾಯದ ಸಂಘಟನೆಗಳು ‘ಸವಿತಾ ಸಮಾಜ’, ‘ಹಡಪದ ಸಮಾಜ’ ಎಂಬ ಹೆಸರುಗಳನ್ನು ಮುಂದು ಮಾಡಿದ್ದಕ್ಕೆ ಈ ನೋವೇ ಕಾರಣ.

ಹಡಪ ಮತ್ತು ಅಪ್ಪಣ್ಣ

‘ಹಡಪ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಎಲೆ ಅಡಿಕೆಯ ಸಂಚಿ. ಇನ್ನೊಂದು, ಕ್ಷೌರಿಕನು ತನ್ನ ಸಲಕರಣೆಗಳನ್ನು ಇಟ್ಟುಕೊಳ್ಳುವ ಚೀಲ. ಅರಸರ ಓಲಗದಲ್ಲಿ ತಾಂಬೂಲದ ಸಂಚಿ ಹಿಡಿಯುವವನು ‘ಹಡಪವಳ’ನೆನಿಸುತ್ತಿದ್ದನು, ಅದು ಒಡೆಯನ ಆಪ್ತನಿಗಷ್ಟೇ ದೊರೆಯುವ ಹುದ್ದೆ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನು ಬಸವಣ್ಣನವರ ನಿಕಟವರ್ತಿಯಾಗಿದ್ದವನು. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬುದು ಅವನ ವಚನಗಳ ಅಂಕಿತ. ಅವನ ಮಡದಿ ಲಿಂಗಮ್ಮನೂ ವಚನಕಾರ್ತಿ. ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಲ್ಲಮಪ್ರಭುವನ್ನು ಕರೆತರಲು ಬಸವಣ್ಣ ಕಳುಹಿಸುವುದು ಅಪ್ಪಣ್ಣನನ್ನೇ.

ಅಪ್ಪಣ್ಣನು ತಾಂಬೂಲ ಕರಂಡಕದವನೋ ಕ್ಷೌರಿಕನೋ ಎಂಬ ಪ್ರಶ್ನೆ ವಿದ್ವಾಂಸರಲ್ಲಿ ಚರ್ಚೆಗೊಳಗಾಗಿದೆ. ಹಡಪದ ರೇಚಣ್ಣನೆಂಬ ಮತ್ತೊಬ್ಬ ವಚನಕಾರನ ಹೆಸರೂ ಇರುವುದರಿಂದ ‘ಹಡಪದ’ ಎಂಬುದು ತಾಂಬೂಲ ಸೇವೆಯ ಸೂಚಕವೆಂಬ ವಾದಕ್ಕೆ ಬಲವಿದೆ. ಆದರೆ ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯವು ಅಪ್ಪಣ್ಣನನ್ನು ತನ್ನ ಮೂಲಪುರುಷನೆಂದೇ ತಿಳಿದು ಅವನ ಹೆಸರಿನಿಂದಲೇ ತನ್ನನ್ನು ಕರೆದುಕೊಂಡಿದೆ. ಕೃಷ್ಣಾ ತೀರದ ತಂಗಡಗಿ ಈ ಸಮುದಾಯದ ಶ್ರದ್ಧಾಕೇಂದ್ರ.

ಜನಪದರ ನಡುವೆ ಪ್ರಚಲಿತವಾಗಿರುವ ಒಂದು ಐತಿಹ್ಯ ಇಲ್ಲಿ ಮುಖ್ಯವಾಗುತ್ತದೆ. ಕ್ಷೌರಿಕನ ಮುಖ ನೋಡಿದರೆ ಕೆಲಸ ಕೆಡುತ್ತದೆಂಬ ನಂಬಿಕೆಯಿದ್ದ ಕಾಲದಲ್ಲಿ, ತಮ್ಮ ದರ್ಶನಕ್ಕೆ ಬರುವವರು ಮೊದಲು ಅಪ್ಪಣ್ಣನ ಮುಖ ಕಂಡೇ ಒಳಗೆ ಬರಬೇಕೆಂದು ಬಸವಣ್ಣನವರು ಕಟ್ಟುಮಾಡಿದರಂತೆ. ಇದಕ್ಕೆ ಶಾಸನಾಧಾರವನ್ನು ಹುಡುಕುವುದಕ್ಕಿಂತ ಇದು ಹೇಳುತ್ತಿರುವುದೇನೆಂಬುದನ್ನು ಗ್ರಹಿಸುವುದು ಯುಕ್ತ. ಅಪಶಕುನದ ಮುಖವನ್ನೇ ಮಹಾಮನೆಯ ಬಾಗಿಲಲ್ಲಿ ನಿಲ್ಲಿಸಿದ ಈ ಕಥೆ, ನಿತ್ಯ ಅವಮಾನ ಉಂಡ ಜನ ತಾವೇ ಕಟ್ಟಿಕೊಂಡ ಉತ್ತರವಾಗಿದೆ. ಹಡಪದ ಮೊದಲ ಅರ್ಥ ಯಾವುದೇ ಇರಲಿ, ಆ ಶಬ್ದ ಸಮುದಾಯಕ್ಕೆ ಕೊಟ್ಟ ಆತ್ಮಗೌರವ ಚಾರಿತ್ರಿಕ ಸತ್ಯವೇ ಆಗಿದೆ.

ತೆರಿಗೆ ಬಿಡಿಸಿದ ಕೊಂಡೋಜ

ಐತಿಹ್ಯಕ್ಕೆ ಹೊರತಾಗಿ ಶಿಲಾಶಾಸನಗಳಲ್ಲಿಯೇ ಕ್ಷೌರಿಕರ ಹೆಸರು ದಾಖಲಾದ ಪ್ರಸಂಗವೊಂದಿದೆ. ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, 16ನೆಯ ಶತಮಾನದ ನಡುಭಾಗದಲ್ಲಿ, ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ಕೈಗುಣಕ್ಕೆ ಮೆಚ್ಚಿದನು. ಅದರ ಫಲವಾಗಿ ನಾವಿದರ ಮೇಲಿದ್ದ ತೆರಿಗೆಯನ್ನು ಬಿಡಲಾಯಿತೆಂದು ಕನ್ನಡ, ತೆಲುಗು ಪ್ರದೇಶಗಳ ಹಲವು ಶಾಸನಗಳು ತಿಳಿಸುತ್ತವೆ. ಕಸುಬಿಗೆ ತೆರಿಗೆಯಿತ್ತು, ಅದು ಹೊರೆಯಾಗಿತ್ತು ಎಂಬುದು ಇದರಿಂದ ಸ್ಪಷ್ಟ. ದೊರೆತ ಅವಕಾಶವನ್ನು ಕೊಂಡೋಜನು ತನ್ನೊಬ್ಬನ ಲಾಭಕ್ಕೆ ಮುಗಿಸದೆ ಇಡೀ ವೃತ್ತಿಬಂಧುಗಳಿಗೆ ಒದಗಿಸಿದ್ದು ಅದಕ್ಕಿಂತ ದೊಡ್ಡ ಸಂಗತಿ.

ಆಯ ಮತ್ತು ಕಲಿಕೆ

ಕಮಲಾಪುರ ಸೀಮೆ ಜೋಳ, ತೊಗರಿಯ ನೆಲ. ಇಲ್ಲಿಯ ಕೆಂಪು ಬಾಳೆಯೂ ಹೆಸರುವಾಸಿ. ಇಂತಹ ಒಕ್ಕಲುತನದ ಊರುಗಳಲ್ಲಿ ಕ್ಷೌರಿಕನಿಗೆ ಕೂಲಿ ಸಲ್ಲುತ್ತಿದ್ದುದು ದುಡ್ಡಿನಲ್ಲಲ್ಲ, ಕಣದಲ್ಲಿ. ವರ್ಷವಿಡೀ ಮನೆಮನೆಗೆ ಹೋಗಿ ಗಂಡಸರ ತಲೆ, ಗಡ್ಡ ಮಾಡಿದವನು ಸುಗ್ಗಿಯಲ್ಲಿ ರಾಶಿಯ ಬಳಿ ನಿಂತು ತನ್ನ ಪಾಲಿನ ಆಯ ಪಡೆಯುತ್ತಿದ್ದನು. ಮಕ್ಕಳ ಜಾವಳ, ಮದುಮಗನ ಕ್ಷೌರ, ಸಾವಿನ ಮನೆಯ ಕೇಶಮುಂಡನ ಇವುಗಳಿಗೆ ಅಕ್ಕಿ, ಕಾಯಿ, ಬಟ್ಟೆ, ಕಾಣಿಕೆ ಬೇರೆ. ಹುಟ್ಟಿನಿಂದ ಸಾವಿನವರೆಗಿನ ಯಾವ ಸಂಸ್ಕಾರವೂ ಅವನಿಲ್ಲದೆ ಪೂರ್ಣವಾಗುತ್ತಿರಲಿಲ್ಲ. ಆದರೆ ಆಯದ ಪ್ರಮಾಣ ನಿಂತಿದ್ದುದು ಕೊಡುವವನ ಮರ್ಜಿಯ ಮೇಲೆ. ಬರ ಬಂದ ವರ್ಷ ಒಕ್ಕಲಿಗನ ರಾಶಿ ಕುಗ್ಗಿದರೆ ಆಯವೂ ಕುಗ್ಗುತ್ತಿತ್ತು. ಕೆಲಸ ಮಾತ್ರ ಕುಗ್ಗುತ್ತಿರಲಿಲ್ಲ.

ಕಸುಬಿನ ಕಲಿಕೆ ಮನೆಯಲ್ಲಿಯೇ ಆರಂಭವಾಗುತ್ತಿತ್ತು. ಹುಡುಗನು ಮೊದಲು ತಂದೆಯ ಹಡಪ ಹೊತ್ತು ಹಿಂದೆ ನಡೆಯುತ್ತಾನೆ. ನೀರು ಕೊಡುವುದು, ಕನ್ನಡಿ ಹಿಡಿಯುವುದು, ಕೂದಲು ಬಳಿಯುವುದು ಅವನ ಮೊದಲ ಪಾಠ. ಅನಂತರ ಸಾಣೆಕಲ್ಲಿನ ಮೇಲೆ ಕತ್ತಿ ಮಸೆದು, ತೊಗಲಿನ ಪಟ್ಟಿಯ ಮೇಲೆ ಎಳೆದು ಅಲಗು ಹದಗೊಳಿಸುವುದನ್ನು ಕಲಿಯುತ್ತಾನೆ. ಮನೆಯವರ, ತಮ್ಮಂದಿರ ತಲೆಗಳು ಅವನ ಮೊದಲ ಪ್ರಯೋಗಶಾಲೆ. ತಲೆಕ್ಷೌರ ಕೈವಶವಾದ ಮೇಲಷ್ಟೇ ಗಡ್ಡ ಮಾಡಲು ಅನುಮತಿ. ಏಕೆಂದರೆ ಗದ್ದದ ಕೆಳಗಿನ ಮೆತ್ತನೆಯ ಚರ್ಮದಲ್ಲಿ ಕತ್ತಿಯ ಕೋನ ತುಸು ತಪ್ಪಿದರೂ ರಕ್ತ ಬರುತ್ತದೆ. ಗಾಯಕ್ಕೆ ಪಟಿಕದ ಹರಳು ಸಿದ್ಧವಿರುತ್ತಿತ್ತು. ಊರವರ ಬೈಗುಳಕ್ಕೆ ಮದ್ದಿರಲಿಲ್ಲ. ಯಾರ ಮನೆಯಲ್ಲಿ ಕಟ್ಟೆಯ ಮೇಲೆ ಕುಳಿತುಕೊಳ್ಳಬಹುದು, ಎಲ್ಲಿ ಅಂಗಳದಲ್ಲಿಯೇ ನಿಲ್ಲಬೇಕು ಎಂಬುದನ್ನೂ ಹುಡುಗನು ಕತ್ತಿಯ ಜೊತೆಗೇ ಕಲಿಯುತ್ತಿದ್ದನು.

ನಗರದ ಕುರ್ಚಿ

1956ರಲ್ಲಿ ಕಲಬುರಗಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದೀಚೆಗೆ ಶಾಲೆ, ಕಚೇರಿ, ಬಸ್ಸಿನ ಸಂಪರ್ಕ ಬೆಳೆದಂತೆ ಹಳ್ಳಿಯ ಕ್ಷೌರಿಕರ ಮಕ್ಕಳು ನಗರದ ಅಂಗಡಿಗಳತ್ತ ನಡೆದರು. ಪಟೇಲ, ಕುಲಕರ್ಣಿಯಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಲು 1961ರಲ್ಲಿ ಕಾಯ್ದೆ ಬಂದಿತು. ಕ್ಷೌರಿಕನ ಆಯವನ್ನು ಕರಗಿಸಿದ್ದು ಮುಖ್ಯವಾಗಿ ರೊಕ್ಕದ ವ್ಯವಹಾರ. ಅದು ಸದ್ದಿಲ್ಲದೆ ನಡೆದುದರಿಂದ ಪರಿಹಾರದ ಪ್ರಶ್ನೆಯೂ ಏಳಲಿಲ್ಲ.

ಅಂಗಡಿ ತಂದ ಬದಲಾವಣೆ ಸಾಮಾನ್ಯವಾದುದಲ್ಲ. ಹಳ್ಳಿಯಲ್ಲಿ ಕ್ಷೌರಿಕನು ಗಿರಾಕಿಯ ಮನೆಗೆ ಹೋಗುತ್ತಿದ್ದನು. ನಗರದಲ್ಲಿ ಗಿರಾಕಿಯೇ ಅವನ ಬಾಗಿಲಿಗೆ ಬಂದು ಸರದಿ ಕಾಯುತ್ತಾನೆ. ಮರ್ಜಿಯ ಆಯದ ಸ್ಥಾನದಲ್ಲಿ ಗೋಡೆಗೆ ತೂಗುಹಾಕಿದ ದರಪಟ್ಟಿ ಬಂದಿತು. ಕುಕ್ಕರಗಾಲಿನಲ್ಲಿ ಕುಳಿತು ಮಾಡುತ್ತಿದ್ದ ಕೆಲಸ ನಿಂತು ಮಾಡುವಂತಾಯಿತು. ಮಂಗಳವಾರದ ವಾರದ ರಜೆ ರೂಢಿಯಾಯಿತು. ಕಟಿಂಗ್ ಅಂಗಡಿಯ ಬೆಂಚು, ದಿನಪತ್ರಿಕೆ, ರೇಡಿಯೊಗಳು ಓಣಿಯ ಮಾತುಕತೆಯ ತಾಣವಾದವು. ಏಡ್ಸ್ ತಿಳಿವಳಿಕೆ ಹರಡಿದ ಮೇಲೆ ಮಸೆಯುವ ಕತ್ತಿ ಹಿಂದೆ ಸರಿದು ಒಮ್ಮೆ ಬಳಸಿ ಎಸೆಯುವ ಬ್ಲೇಡು ಬಂದಿತು. ಅದರೊಂದಿಗೆ ಸಾಣೆ ಹಿಡಿಯುವ ವಿದ್ಯೆಯೂ ಮರೆಯಾಗತೊಡಗಿತು.

ಯಾರ ತಲೆ, ಯಾರ ಕತ್ತಿ

ಈ ವೃತ್ತಿಯ ಚರಿತ್ರೆಯಲ್ಲಿ ಮರೆಮಾಚಬಾರದ ಒಂದು ಅಧ್ಯಾಯವಿದೆ. ಹಲವು ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಲಾಗುತ್ತಿತ್ತು. ಅಂಥ ಪ್ರಕರಣಗಳು ರಾಜ್ಯದಲ್ಲಿ ಇತ್ತೀಚಿನ ವರ್ಷಗಳಲ್ಲಿಯೂ ವರದಿಯಾಗಿವೆ. ಸಂವಿಧಾನದ 17ನೆಯ ವಿಧಿ ಹಾಗೂ 1955ರ ಕಾಯ್ದೆ ಇದನ್ನು ಅಪರಾಧವೆಂದು ಸಾರಿದರೂ ತಲೆಗೂದಲು ತೆಗೆಸಲು ಪಟ್ಟಣಕ್ಕೆ ಹೋಗಬೇಕಾದ ಸ್ಥಿತಿ ದಲಿತರಿಗಿತ್ತು. ಅಪಶಕುನವೆನಿಸಿಕೊಂಡವನೇ ಇನ್ನೊಬ್ಬರನ್ನು ಹೊರಗಿಟ್ಟನೆಂಬುದು ಮೇಲ್ನೋಟಕ್ಕೆ ಕಾಣುವ ಸತ್ಯ. ಒಳಗಿನ ಸತ್ಯವೆಂದರೆ, ದಲಿತರ ತಲೆ ಮುಟ್ಟಿದ ಕೈಗೆ ತಮ್ಮ ಗಡ್ಡ ಒಡ್ಡುವುದಿಲ್ಲವೆಂಬ ಬಲಾಢ್ಯರ ಬೆದರಿಕೆ ಮತ್ತು ಅವರ ಆಯದ ಮೇಲೆ ನಿಂತಿದ್ದ ಬದುಕು. ಇದು ಕಾರಣವನ್ನು ತಿಳಿಸುತ್ತದೆಯೇ ಹೊರತು ತಪ್ಪನ್ನು ಮನ್ನಿಸುವುದಿಲ್ಲ. ಎದುರಿನವನ ಜಾತಿ ಕೇಳದೆ ಕುರ್ಚಿ ತೋರಿಸುವ ನಗರದ ಅಂಗಡಿ ಎರಡೂ ಕಡೆಯವರಿಗೆ ಒಂದು ಬಗೆಯ ಬಿಡುಗಡೆಯಾದುದು ಈ ಹಿನ್ನೆಲೆಯಲ್ಲಿಯೇ.

2020 ಮತ್ತು ಅನಂತರ

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಿಂದ ವರದಿಯಾಯಿತು. ಲಾಕ್‌ಡೌನ್‌ನಲ್ಲಿ ಕ್ಷೌರದಂಗಡಿಗಳು ಮುಚ್ಚಿದವು. ಮುಟ್ಟಿಯೇ ಮಾಡಬೇಕಾದ ಕಸುಬಿಗೆ ಮುಟ್ಟುವುದೇ ನಿಷಿದ್ಧವಾಯಿತು. ಆ ವರ್ಷದ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಒಂದಾವರ್ತಿ ನೆರವನ್ನು ಘೋಷಿಸಿತು. ಮೊತ್ತ ಚಿಕ್ಕದಾದರೂ ಆಯದ ಕಣದಲ್ಲಿ ನಿಲ್ಲುತ್ತಿದ್ದವನನ್ನು ರಾಜ್ಯವು ಕಸುಬುದಾರನೆಂದು ಎಣಿಕೆಗೆ ತೆಗೆದುಕೊಂಡದ್ದು ಗಮನಿಸಬೇಕಾದ ಬೆಳವಣಿಗೆ. ಹಡಪದ ಅಪ್ಪಣ್ಣನ ಜಯಂತಿಯನ್ನು ಸರ್ಕಾರದ ವತಿಯಿಂದ ಆಚರಿಸುತ್ತಿರುವುದೂ ಇದೇ ಮನ್ನಣೆಯ ಇನ್ನೊಂದು ಮುಖ.

ಒಟ್ಟಾರೆಯಾಗಿ ನೋಡಿದಾಗ ಕಮಲಾಪುರದ ಅಂಗಳದಿಂದ ಕಲಬುರಗಿಯ ಅಂಗಡಿಯವರೆಗಿನ ದಾರಿ ಸ್ಥಳಾಂತರಕ್ಕಷ್ಟೇ ಸೀಮಿತವಲ್ಲ. ಬೇಡಿ ಪಡೆಯುವ ಪಾಲಿನಿಂದ ಕೇಳಿ ಪಡೆಯುವ ಕೂಲಿಯವರೆಗಿನ ದಾರಿ. ಸಾಣೆಕಲ್ಲು, ಹಡಪ, ಉಸ್ತರಾಗಳು ವಸ್ತುಸಂಗ್ರಹಾಲಯಗಳನ್ನು ಸೇರುವ ಮುನ್ನ ಅವುಗಳನ್ನು ಹಿಡಿದ ಹಿರಿಯರ ಮಾತುಗಳನ್ನು ದಾಖಲಿಸುವುದು ಜಾನಪದ ಅಧ್ಯಯನದ ಮುಂದಿರುವ ತುರ್ತಿನ ಕೆಲಸ. ಬೈಗುಳವಾದ ಹೆಸರನ್ನು ನಾಲಿಗೆಯಿಂದ ಬಿಡುವುದು ಉಳಿದೆಲ್ಲರ ಮುಂದಿರುವ ಕೆಲಸ.